ಅಭ್ಯಾಸ: ಓದೂ ಹೌದು, ಶೀಲವೂ ಹೌದು

ಕನ್ನಡದ ‘ಅಭ್ಯಾಸ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಮಗು ಅಭ್ಯಾಸ ಮಾಡುತ್ತಿದೆ ಎಂದರೆ ಅದು ಓದುತ್ತಿದೆ ಎಂದರ್ಥ. ಬೇಗ ಏಳುವ ಅಭ್ಯಾಸವಿದೆ ಎಂದರೆ ಆ ನಡತೆ ರೂಢಿಗೆ ಬಂದಿದೆ ಎಂದರ್ಥ. ಓದನ್ನೂ ರೂಢಿಯನ್ನೂ ಒಂದೇ ಮಾತಿನಿಂದ ಕರೆಯುವ ಈ ಭಾಷೆಯಲ್ಲೇ ಒಂದು ವಿವೇಕ ಅಡಗಿದೆ. ಪರೀಕ್ಷೆ ಬಾಗಿಲಿಗೆ ಬಂದಾಗ ಪುಸ್ತಕ ಹಿಡಿಯುವುದನ್ನು ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ಹಿರಿಯರು ಹಾಸ್ಯ ಮಾಡುತ್ತಿದ್ದುದೂ ಆ ವಿವೇಕದಿಂದಲೇ.

‘ಮಗು ದಿನಕ್ಕೆ ಎಷ್ಟು ಗಂಟೆ ಓದಬೇಕು?’ ಎಂಬುದು ಹೆತ್ತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ. ಇದು ಸಹಜವಾದ ಪ್ರಶ್ನೆಯೇ. ಆದರೆ ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆಯೂ ಇದೆ: ಯಾರೂ ನೋಡದಿರುವಾಗ ಮಗು ಹೇಗೆ ಓದುತ್ತದೆ? ಮೊದಲನೆಯದು ವೇಳಾಪಟ್ಟಿಗೆ ಸೇರಿದ್ದು, ಎರಡನೆಯದು ನೈತಿಕತೆಗೆ ಸೇರಿದ್ದು.

2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ನೆನೆಯೋಣ. ಆ ವರ್ಷ ನಕಲು ತಡೆಯಲು ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸಲಾಯಿತು. 2023ರಲ್ಲಿ ಶೇಕಡಾ 83.89ರಷ್ಟಿದ್ದ ರಾಜ್ಯದ ಫಲಿತಾಂಶ 2024ರಲ್ಲಿ ಶೇಕಡಾ 73.40ಕ್ಕೆ ಇಳಿಯಿತು, ಅದೂ ಹೆಚ್ಚಿನ ಕೃಪಾಂಕಗಳನ್ನು ನೀಡಿದ ಮೇಲೆ. ಇಳಿಕೆಗೆ ಕಾರಣಗಳು ಹಲವಿರಬಹುದು. ಎಲ್ಲ ಮಕ್ಕಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೂ ಒಂದು ಮಾತು ನಮ್ಮನ್ನು ಚಿಂತನೆಗೆ ಹಚ್ಚಬೇಕು. ಪರೀಕ್ಷೆಯ ಕೊಠಡಿಗೆ ಕ್ಯಾಮೆರಾ ಇಡಬಹುದು, ಮನೆಯ ಓದಿನ ಚಾಪೆಗೆ ಅದನ್ನು ಇಡಲಾಗದು. ಅಲ್ಲಿ ಪಾಠ ಅರ್ಥವಾಯಿತೋ ಇಲ್ಲವೋ ಎಂಬುದಕ್ಕೆ ಮಗುವಿನ ಅಂತಃಸಾಕ್ಷಿಯೊಂದೇ ಸಾಕ್ಷಿ.

ಈ ಸಾಕ್ಷಿಯೂ ಕೆಲವೊಮ್ಮೆ ಮೋಸಹೋಗುತ್ತದೆ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಅವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಬಳಿಕ ಅದನ್ನು ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿಸಿಕೊಂಡು ಬರೆದವರು ಮುಂದಾದರು. ಪುಟದ ಮೇಲೆ ಕಣ್ಣಾಡಿಸುತ್ತಾ ಹೋದರೆ ಎಲ್ಲವೂ ಪರಿಚಿತವೆನಿಸುತ್ತದೆ; ಆ ಪರಿಚಯವನ್ನೇ ನಾವು ಜ್ಞಾನವೆಂದು ಭ್ರಮಿಸುತ್ತೇವೆ. ಪುಸ್ತಕ ಮುಚ್ಚಿದಾಗ ಮಾತ್ರ ಸತ್ಯ ತಿಳಿಯುತ್ತದೆ. ಆದುದರಿಂದ ಪುಸ್ತಕ ಮುಚ್ಚಿ ‘ನನಗೇನು ಗೊತ್ತು?’ ಎಂದು ತನ್ನನ್ನೇ ಕೇಳಿಕೊಳ್ಳುವುದು ಓದಿನ ಜಾಣ್ಮೆಯ ಜೊತೆಗೆ ಪ್ರಾಮಾಣಿಕತೆಯ ಮೊದಲ ಪಾಠವೂ ಆಗಿದೆ.

ಪ್ರಾಮಾಣಿಕತೆ ಉಪದೇಶದಿಂದ ಬರುವಂಥದ್ದಲ್ಲ. ವೀಣೆ ನುಡಿಸುತ್ತಾ ವೈಣಿಕರಾಗುವಂತೆ, ನ್ಯಾಯದ ಕಾರ್ಯಗಳನ್ನು ಮಾಡುತ್ತಾ ನ್ಯಾಯವಂತರಾಗುತ್ತೇವೆ ಎಂಬುದು ಅರಿಸ್ಟಾಟಲನ ವಿಚಾರ. ಅವನನ್ನು ಆಳವಾಗಿ ಅಧ್ಯಯನ ಮಾಡಿದ 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಅಧ್ಯಯನಶೀಲತೆಯನ್ನು ಒಂದು ಸದ್ಗುಣವೆಂದೇ ಗಣಿಸಿದರು. ಸೋಜಿಗವೆಂದರೆ, ಅದನ್ನು ಅವರು ಸಂಯಮಕ್ಕೆ ಸೇರಿಸಿದರು. ತಿಳಿಯುವ ಆಸೆಗೂ ಹಸಿವಿನಂತೆ ಹದ ಬೇಕು. ಬೇಡದ್ದರ ಕಡೆಗೆ ಹರಿದಾಡುವ ಕುತೂಹಲಕ್ಕೆ ಕಡಿವಾಣ ಬೇಕು. ದಣಿವಿಗೆ ಅಂಜಿ ಹಿಂಜರಿಯುವ ದೇಹಕ್ಕೆ ದೃಢತೆ ಬೇಕು. ಕೈಯಲ್ಲಿ ಮೊಬೈಲ್ ಹಿಡಿದ ಇಂದಿನ ವಿದ್ಯಾರ್ಥಿಗೆ ಈ ಮಾತು ಎಷ್ಟು ಹತ್ತಿರದ್ದು!

ಹಾಗಾದರೆ ಈ ಸದ್ಗುಣವನ್ನು ಮನೆಯಲ್ಲಿ ಬೆಳೆಸುವುದು ಹೇಗೆ? ಸಂಜೆಯ ಜಪಸರಕ್ಕೆ ವೇಳೆ ಗೊತ್ತುಮಾಡಿಕೊಂಡ ಕುಟುಂಬಕ್ಕೆ ಓದಿಗೆ ವೇಳೆ ಗೊತ್ತುಮಾಡುವುದು ಕಷ್ಟವಲ್ಲ. ದಿನವೂ ಅದೇ ಹೊತ್ತು, ಅದೇ ಜಾಗ ಇರಲಿ. ಮನಸ್ಸು ತಾಜಾ ಇರುವಾಗ ಕಠಿಣವೆನಿಸುವ ವಿಷಯವನ್ನು ಮೊದಲು ತೆಗೆದುಕೊಳ್ಳಲಿ. ಸ್ವಲ್ಪ ಭಾಗ ಓದಿ, ಪುಸ್ತಕ ಮುಚ್ಚಿ, ತಿಳಿದದ್ದನ್ನು ಸ್ವಂತ ಮಾತಿನಲ್ಲಿ ಬರೆಯಲಿ. ಬಳಿಕ ಪುಸ್ತಕ ತೆರೆದು ತಪ್ಪಿದ್ದನ್ನು ತಿದ್ದಲಿ. ಹೊಸದಾಗಿ ಕಲಿತದ್ದು ಆರಂಭದಲ್ಲೇ ಬಹುಬೇಗ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತೋರಿಸಿಕೊಟ್ಟನು. ಆದ್ದರಿಂದ ನಿನ್ನೆಯ ಪಾಠಕ್ಕೆ ಇಂದು ಹತ್ತು ನಿಮಿಷ, ವಾರದ ಕೊನೆಗೆ ಮತ್ತೊಮ್ಮೆ ಸ್ವಲ್ಪ ಸಮಯ ಮೀಸಲಿಡುವುದು ಲೇಸು. ಹನಿ ಹನಿ ಕೂಡಿದರೆ ಹಳ್ಳ. ನಿದ್ದೆಗೆಟ್ಟು ಓದಿಸುವ ಮಾತಂತೂ ಬೇಡ. ಕಲಿತದ್ದು ಮನಸ್ಸಿನಲ್ಲಿ ನೆಲೆಯೂರುವುದಕ್ಕೆ ನಿದ್ದೆಯೂ ಬೇಕು.

ಇಲ್ಲಿ ಹೆತ್ತವರ ಪಾತ್ರವೇನು? ಕ್ಯಾಮೆರಾದಂತೆ ಕಾವಲು ಕಾಯುವುದಲ್ಲ. ಮಗು ಓದುವ ಹೊತ್ತಿನಲ್ಲಿ ಟಿ.ವಿ. ಆರಿಸಿ ತಾವೂ ಮೊಬೈಲನ್ನು ಬದಿಗಿಡುವುದು ಅವರ ಮೊದಲ ಕರ್ತವ್ಯ. ತಾನು ಪಾಲಿಸದ ನಿಯಮವನ್ನು ಮಗುವಿನ ಮೇಲೆ ಹೇರುವ ತಂದೆ ಅದಕ್ಕೆ ಶಿಸ್ತನ್ನು ಕಲಿಸುವುದಿಲ್ಲ, ಅಧಿಕಾರವನ್ನು ಕಲಿಸುತ್ತಾನೆ. ಎರಡನೆಯದು ನ್ಯಾಯದ ಪ್ರಶ್ನೆ. ಮಗನನ್ನು ಓದಲು ಕೂರಿಸಿ ಮಗಳನ್ನು ಪಾತ್ರೆ ತೊಳೆಯಲು ಎಬ್ಬಿಸುವ ಮನೆಯಲ್ಲಿ ಅಭ್ಯಾಸದ ಮಾತು ಅರ್ಧ ಸತ್ಯವೇ ಸರಿ. ಒಂದೇ ಕೋಣೆಯ ಮನೆಯಲ್ಲಿ, ಕೂಲಿ ಮುಗಿಸಿ ಬಂದ ತಾಯಿತಂದೆಯರ ನಡುವೆ ಓದುವ ಮಗುವಿಗೆ ‘ಶಿಸ್ತಿಲ್ಲ’ ಎನ್ನುವ ಮುನ್ನ, ಸಂಜೆ ಎರಡು ಗಂಟೆ ಬೀಗ ಹಾಕಿರುವ ನಮ್ಮ ಸಭಾಂಗಣದ ಬಾಗಿಲನ್ನು ಅದಕ್ಕಾಗಿ ತೆರೆಯಬಹುದೇ ಎಂದು ಧರ್ಮಕೇಂದ್ರವೂ ಯೋಚಿಸಬೇಕು.

ಕೊನೆಗೆ ಯಶಸ್ಸಿನ ಮಾತು. ನೆರೆಮನೆಯ ಮಗು 625ಕ್ಕೆ 600 ಅಂಕ ಪಡೆದರೆ ನಮ್ಮ ಮನೆಯ 400 ನಮಗೆ ಅವಮಾನವಾಗಿ ಕಾಣುತ್ತದೆ. ಮತ್ತಾಯನ ಶುಭಸಂದೇಶದ ತಲೆಂತುಗಳ ಸಾಮತಿಯಲ್ಲಿ ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಯಜಮಾನನಿಂದ ದೊರೆತ ಮೆಚ್ಚುಗೆ ಒಂದೇ. ಅಲ್ಲಿ ಗದರಿಕೆ ಸಿಕ್ಕಿದ್ದು ಭಯದಿಂದ ಹೂತಿಟ್ಟವನಿಗೆ. ಹೋಲಿಕೆಯ ಭಯದಲ್ಲಿ ನಾವು ಬೆಳೆಸಿದ ಮಗು ಕೂಡ ತನ್ನ ಸಾಮರ್ಥ್ಯವನ್ನು ಹೂತಿಡಲು ಕಲಿತೀತು.

ಅಂಕಪಟ್ಟಿ ಒಂದು ದಿನ ಕಪಾಟಿನ ಮೂಲೆ ಸೇರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪುವ, ಒಪ್ಪಿ ಮರುದಿನ ಅದೇ ಹೊತ್ತಿಗೆ ಮತ್ತೆ ಕೂರುವ ಗುಣ ಮಾತ್ರ ಉಳಿಯುತ್ತದೆ. ಇಂದು ಸಂಜೆ ‘ಎಷ್ಟು ಓದಿದೆ?’ ಎಂದು ಕೇಳುವ ಬದಲು ‘ಇವತ್ತು ಯಾವುದು ಅರ್ಥವಾಗಲಿಲ್ಲ, ಮಗು?’ ಎಂದು ಕೇಳಿ ನೋಡೋಣ. ಬೈಗುಳದ ಅಂಜಿಕೆಯಿಲ್ಲದೆ ಅದು ಉತ್ತರಿಸುವ ಮನೆಯಲ್ಲಿ ಅಭ್ಯಾಸ ಆಗಲೇ ಬೇರೂರಿದೆ.