ಔಷಧವೂ ಗಡಿಗಲ್ಲೂ

ಮನುಷ್ಯನ ಕೃತ್ಯವು ದೋಷವೋ ನಿರ್ದೋಷವೋ ಎಂಬದು ಅವನು ನಿಂತ ನೆಲದಿಂದ ನಿರ್ಣಯವಾಗಬೇಕೇ? ಬೀದರ ಜಿಲ್ಲೆಯ ನಿರ್ಣಾದಂಥ ಗಡಿಸೀಮೆಯ ಊರುಗಳಲ್ಲಿ ಈ ಪ್ರಶ್ನೆಯು ಕೇವಲ ತರ್ಕದ ವಿಷಯವಾಗಿ ಉಳಿಯುವದಿಲ್ಲ. ಹುಮನಾಬಾದದ ಹೆದ್ದಾರಿಯನ್ನು ಹಿಡಿದು ಮೂಡಲಿಗೆ ಹೋದರೆ ಜಹೀರಾಬಾದ, ಅದು ತೆಲಂಗಾಣ. ಪಡುವಲಿಗೆ ಹೋದರೆ ಉಮರ್ಗಾ, ಅದು ಮಹಾರಾಷ್ಟ್ರ. 1956ಕ್ಕೆ ಮುಂಚೆ ಇವೆಲ್ಲವೂ ಒಂದೇ ಹೈದರಾಬಾದ ರಾಜ್ಯದಲ್ಲಿದ್ದವು.

ನಿರ್ಣಾದ ವೃದ್ಧನೊಬ್ಬನಿಗೆ ನಿದ್ರಾನಾಶಕ್ಕಾಗಿ ಆಯುರ್ವೇದ ವೈದ್ಯನು ಭಂಗಿಯ ಎಲೆ ಕೂಡಿದ ಚೂರ್ಣವನ್ನು ಬರೆದುಕೊಟ್ಟಿರುವನೆಂದೂ, ಅವನು ಸೊಲ್ಲಾಪುರದ ಮಗಳ ಮನೆಗೆ ಹೊರಟಿರುವನೆಂದೂ ಭಾವಿಸಬಹುದು. ಆಯುರ್ವೇದವು ಈ ಗಿಡವನ್ನು ವಿಜಯಾ ಎಂದು ಕರೆಯುತ್ತದೆ. 1940ರ ಔಷಧ ಕಾಯಿದೆಯ ನಿಯಮಗಳು ಇದನ್ನು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟು, ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸತಕ್ಕದ್ದೆಂಬ ಎಚ್ಚರಿಕೆಯನ್ನು ಡಬ್ಬಿಯ ಮೇಲೆ ಬರೆಸುತ್ತವೆ. 1985ರ ಕೇಂದ್ರದ ಮಾದಕದ್ರವ್ಯ ಕಾಯಿದೆಯು ಗಿಡದ ಹೂತ ತುದಿಗಳನ್ನು ಗಾಂಜಾ ಎಂದು ನಿಷೇಧಿಸಿ, ತುದಿಗಳೊಡನೆ ಇರದ ಎಲೆ ಬೀಜಗಳನ್ನು ಆ ವ್ಯಾಖ್ಯೆಯಿಂದ ಬಿಟ್ಟಿದೆ. 2022ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಭಂಗಿಯ ಮೊಕದ್ದಮೆಯೊಂದರಲ್ಲಿ ಜಾಮೀನು ಕೊಡುವಾಗ ಈ ಭೇದವನ್ನು ಎತ್ತಿ ಹೇಳಿತು. ಆದರೆ ಆ ಮಾತು ಕಿವಿಗೆ ಬೀಳುವ ಮೊದಲೇ ಆರೋಪಿಯು ಸೆರೆಮನೆಯನ್ನು ಕಂಡಿದ್ದನು. ಕೇಂದ್ರವು ಬಿಟ್ಟ ಎಲೆಯನ್ನು ರಾಜ್ಯಗಳು ಬಿಟ್ಟಿಲ್ಲ. ಕರ್ನಾಟಕದ 1965ರ ಅಬಕಾರಿ ಕಾಯಿದೆಯೂ ಮಹಾರಾಷ್ಟ್ರದ 1949ರ ಪಾನನಿಷೇಧ ಕಾಯಿದೆಯೂ ಭಂಗಿಯನ್ನು ಮಾದಕವೆಂದೇ ಎಣಿಸುತ್ತವೆ.

ಅಮೇರಿಕೆಯಲ್ಲಿ ಇದು ತಿರುವುಮುರುವು. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ರೋಗಿಗಳಿಗೆ ಗಾಂಜಾವನ್ನು ಅನುಮತಿಸಿದರು. ಕೇಂದ್ರದ ನಿಷೇಧವೇ ಮೇಲೆಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವು 2005ರಲ್ಲಿ ತೀರ್ಪಿತ್ತಿತು. ಎರಡೂ ಕಡೆಗಳಲ್ಲಿ ಇಬ್ಬರು ಒಡೆಯರ ನಡುವೆ ಸಿಕ್ಕವನು ರೋಗಿಯೇ.

ಮನೆಯಲ್ಲಿ ಮದ್ದಾದುದು ಗಡಿಗಲ್ಲನ್ನು ದಾಟಿದೊಡನೆ ಪಾಪವಾಗಲಾರದೆಂದು ವೃದ್ಧನು ವಾದಿಸಿದರೆ ಅದರಲ್ಲಿ ಸತ್ಯವಿದೆ. ರೋಗವು ಜಿಲ್ಲೆಯ ನಕಾಶೆಯನ್ನು ನೋಡಿ ಬರುವದಿಲ್ಲವಷ್ಟೆ. ಆದರೆ ಈ ವಾದವು ಪ್ರಯಾಣಿಕನೊಬ್ಬನನ್ನೇ ಕಾಣುತ್ತದೆ. ಪೊಟ್ಟಣವನ್ನು ಮೊಮ್ಮಗನ ಚೀಲದಲ್ಲಿ ಅಡಗಿಸಿದರೆ ಅರಿಯದ ಹುಡುಗನು ಅಪಾಯದಲ್ಲಿ ಪಾಲುಗಾರನಾಗುವನು. ಮಗಳ ಗಂಡನು ತನ್ನ ಮನೆಯಲ್ಲಿ ಏನಿದೆಯೆಂಬುದನ್ನು ತಿಳಿಯದೆ ಉತ್ತರ ಕೊಡಬೇಕಾಗುವದು. ದೋಷವು ಹುಟ್ಟುವದು ಎಲೆಯಲ್ಲಲ್ಲ, ಈ ಮರೆಯಲ್ಲಿ. ಚೀಟಿಯನ್ನೂ ಡಬ್ಬಿಯನ್ನೂ ಜೊತೆಯಾಗಿ ತೆರೆದಿಟ್ಟುಕೊಂಡು, ಮನೆಯವರಿಗೆ ಮೊದಲೇ ತಿಳಿಸಿ ಹೋಗುವವನು ಕಾಯಿದೆಗೆ ಸಿಕ್ಕಿಬಿದ್ದಾನು, ಆದರೆ ಯಾರನ್ನೂ ವಂಚಿಸಿದವನಾಗಲಾರನು.

ಸರಕಾರದ ಕರ್ತವ್ಯವೂ ಇಲ್ಲಿ ಚಿಕ್ಕದಲ್ಲ. ಮುಂಗಡವಾಗಿ ಕೇಳಲು ಬಂದ ರೋಗಿಗೆ ಸ್ಪಷ್ಟವಾದ ಉತ್ತರವನ್ನು ಕೊಡದೆ, ದಾರಿಯಲ್ಲಿ ಹಿಡಿದ ಮೇಲೆ ಮಾತ್ರ ಕಾಯಿದೆಯನ್ನು ಓದಿ ಹೇಳುವದು ನ್ಯಾಯವಲ್ಲ. ಕೇಂದ್ರದ ಕಾಯಿದೆಯು ಗಾಂಜಾಕ್ಕೂ ವೈದ್ಯಕೀಯ ಉಪಯೋಗದ ಅಪವಾದವನ್ನಿಟ್ಟಿದೆ, ನಿಗದಿಪಡಿಸಿದ ರೀತಿಯಲ್ಲಿ ಮಾತ್ರ ಎಂಬ ಕಟ್ಟಿನೊಡನೆ. ಆ ರೀತಿಯನ್ನು ಹಳ್ಳಿಯ ಮುದುಕನು ಯಾರಿಂದ ತಿಳಿಯಬೇಕು?

ಭಂಗಿಯಿಲ್ಲದ ಬೇರೆ ಮದ್ದನ್ನು ವೈದ್ಯನಿಂದ ಪಡೆದು ಹೊರಡುವ ಉಪಾಯವೊಂದಿದೆ. ಅದು ಅವನಿಗೆ ಹಿಡಿಸುವದೋ ಇಲ್ಲವೋ ಎಂಬದು ಸೊಲ್ಲಾಪುರವನ್ನು ಮುಟ್ಟಿ ಎರಡು ರಾತ್ರಿ ಕಳೆದ ಮೇಲೆಯೇ ತಿಳಿಯುವದು.