ಕುಂದನ್ನು ಸಹಿಸಲಾರದ ಜೀವ

ಮಾನವ ಸ್ವಭಾವವು ಬಹುವಿಧವಾದುದು. ಅದರಲ್ಲಿ ಒಂದು ಬಗೆಯ ಜನರನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಯಾವ ಊರಿಗೆ ಹೋದರೂ ಕಾಣಬಹುದು. ಜಾತ್ರೆಯ ದಾಸೋಹದಲ್ಲಿ ಇತರರು ತೊಳೆದಿಟ್ಟ ಕೊಪ್ಪರಿಗೆಯನ್ನು ಮತ್ತೊಮ್ಮೆ ತಾವೇ ತಿಕ್ಕಿ ತೊಳೆಯುವವರು ಅವರು. ಕೊಟ್ಟ ಮಾತಿಗೆ ತಪ್ಪರು, ನಂಬಿದವರನ್ನು ಕೈಬಿಡರು. ಆದರೆ ಒಂದು ಬಿರುನುಡಿಗೆ ವಾರಗಟ್ಟಲೆ ನೋಯುವರು. ಕೆಲಸದಲ್ಲಿ ಎಳ್ಳಷ್ಟು ಕುಂದನ್ನೂ ಸಹಿಸರು. ಇಂಥವರನ್ನು ನಾವು ಹಟಮಾರಿಗಳೆಂದು ಕರೆದು ದೂರವಿಡುತ್ತೇವೆ. ಇವರನ್ನು ಅರಿತು ಇವರೊಡನೆ ಬಾಳುವುದು ಹೇಗೆ? ಇದು ಬರಿಯ ಮನೆತನದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ನಮ್ಮ ಜಿಲ್ಲೆಯ ಶಿವಣಗಿಯ ಶರಣ ನುಲಿಯ ಚಂದಯ್ಯನವರ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಿಂದ ಜಂಗಮದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿಬಿದ್ದಿತು. ತನ್ನನ್ನು ಬಿಟ್ಟುಹೋದ ಲಿಂಗದ ಹಂಗು ತನಗಿಲ್ಲವೆಂದು ಅವರು ಕಾಯಕದಲ್ಲಿ ನಿರತರಾದರು. ಲಿಂಗವೇ ಬೆನ್ನುಹತ್ತಿ ಬೇಡಿಕೊಂಡರೂ ಕರಗಲಿಲ್ಲ. ಆಗ ನಡುವೆ ಬಂದವರು ಮಡಿವಾಳ ಮಾಚಯ್ಯನವರು. ಹಿಂದೆ ಸಿಂದಗಿ ತಾಲೂಕಿಗೆ ಸೇರಿದ್ದ ದೇವರ ಹಿಪ್ಪರಗಿಯವರು, ಸ್ವತಃ ನಿಷ್ಠುರ ಶರಣರು. ಕೊನೆಗೆ ಲಿಂಗವೂ ಕಾಯಕ ಮಾಡಬೇಕೆಂಬ ಕರಾರಿನ ಮೇಲೆ ಚಂದಯ್ಯನವರು ಒಪ್ಪಿದರು. ಲಿಂಗವು ಹಗ್ಗ ಮಾರಲು ಹೊರಟಾಗ ಬಸವಣ್ಣನವರು ಅಪಾರ ಹೊನ್ನನ್ನು ಕೊಟ್ಟರು. ಸಲ್ಲುವ ಬೆಲೆಗಿಂತ ಹೆಚ್ಚಿನದು ತಮಗೆ ಬೇಡವೆಂದರು ಚಂದಯ್ಯನವರು.

ಈ ಪ್ರಸಂಗದಲ್ಲಿ ನಾವು ಗಮನಿಸಬೇಕಾದುದು ಮಾಚಯ್ಯನವರ ಜಾಣ್ಮೆಯನ್ನು. ಅವರು ಚಂದಯ್ಯನವರ ನಿಷ್ಠೆಯನ್ನು ಸಡಿಲಿಸಲಿಲ್ಲ. 'ಇಷ್ಟು ಬಿಗುವೇಕೆ' ಎಂದು ಹಳಿಯಲಿಲ್ಲ. ಬಿಗುವಿನ ಹಿಂದೆ ನೋವಿದೆ, ನೋವಿನ ಹಿಂದೆ ಒಲವಿದೆ ಎಂಬುದನ್ನು ಬಲ್ಲರು. ಕಾಯಕದಲ್ಲಿ ಪಾಲು ದೊರೆತಾಗ ಮುರಿದ ಸಂಬಂಧವು ಮತ್ತೆ ಕೂಡಿತು. ಇಂಥವರಿಗೆ ಉಪದೇಶದಿಂದ ಸಮಾಧಾನವಾಗದು. ಜೊತೆಗೆ ನಿಂತು ದುಡಿಯುವವರಿಂದ ಆಗುತ್ತದೆ.

ಇದನ್ನು ನಾವು ಮರೆತರೆ ಏನಾಗುತ್ತದೆ? ವಿಜಯಪುರದ ಫ. ಗು. ಹಳಕಟ್ಟಿಯವರು ಹಳ್ಳಿಹಳ್ಳಿ ಅಲೆದು ತಾಳೆಯೋಲೆಗಳನ್ನು ಕೂಡಿಸಿ ವಚನಗಳನ್ನು ಶೋಧಿಸಿದರು. ಅವನ್ನು ಅಚ್ಚುಮಾಡಲು 1925ರಲ್ಲಿ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಬಡತನ ಅವರನ್ನು ಬಿಡಲಿಲ್ಲ. ಇಂದು ಅವರ ಭಾವಚಿತ್ರಕ್ಕೆ ಮಾಲೆ ಹಾಕುತ್ತೇವೆ. ನಮ್ಮ ಮನೆಯಲ್ಲಿ, ಶಾಲೆಯಲ್ಲಿ, ಸಂಘದಲ್ಲಿ ಅದೇ ನಿಷ್ಠೆಯಿಂದ ದುಡಿಯುವವರಿಗೆ ಹೆಗಲು ಕೊಡುತ್ತೇವೆಯೇ? 'ಅವರು ಮಾಡಿದರೇನೇ ಚೆಂದ' ಎಂದು ಹೊಗಳಿ ಎಲ್ಲವನ್ನೂ ಅವರ ಮೇಲೆಯೇ ಹೊರಿಸುವುದು ಗೌರವವಲ್ಲ, ಮೈಗಳ್ಳತನ.

ಇನ್ನು ಆ ಸ್ವಭಾವದವರಿಗೂ ಒಂದು ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಡಾನ್ ಹಮಾಚೆಕ್ 1978ರಲ್ಲಿ ಪರಿಪೂರ್ಣತೆಯನ್ನು ಬಯಸುವವರಲ್ಲಿ ಎರಡು ಬಗೆಯನ್ನು ಗುರುತಿಸಿದರು. ಒಬ್ಬನು ಶ್ರಮಪಟ್ಟು ಮಾಡಿದುದರಲ್ಲಿ ಸಂತೋಷಪಡುತ್ತಾನೆ. ಸಂದರ್ಭವರಿತು ಬಿಗಿಯನ್ನು ಸಡಿಲಿಸಬಲ್ಲನು. ಇನ್ನೊಬ್ಬನಿಗೆ ಎಷ್ಟು ಮಾಡಿದರೂ ಸಾಲದು. ಕುಂದಿನ ಭಯವೇ ಅವನನ್ನು ಆಳುತ್ತದೆ. ಮೊದಲನೆಯದು ಕಾಯಕ, ಎರಡನೆಯದು ಸೆರೆ. ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಕಡಿಮೆ ಪಡೆಯುವುದು ಹೇಗೆ ಕುಂದೋ ಹೆಚ್ಚು ಪಡೆಯುವುದೂ ಹಾಗೆಯೇ ಕುಂದು ಎಂಬುದು ಚಂದಯ್ಯನವರ ನಡೆಯಿಂದ ತಿಳಿಯುವುದಿಲ್ಲವೇ? ಹಾಗಾದರೆ ತನ್ನಿಂದಲೂ ತನ್ನವರಿಂದಲೂ ಸಲ್ಲುವುದಕ್ಕಿಂತ ಹೆಚ್ಚನ್ನು ಕೇಳುವುದೂ ಕುಂದೇ. ನಿರ್ದೋಷವನ್ನು ಅರಸುವವನು ಮೊದಲು ಕಳೆಯಬೇಕಾದ ದೋಷವಿದು.

ಆದ್ದರಿಂದ ಪ್ರಿಯ ಸದ್ಭಕ್ತರೇ, ಅಂಥವರ ಕೆಲಸದಲ್ಲಿ ತಪ್ಪಿದ್ದರೆ ನಾಲ್ವರ ಮುಂದೆ ಹೇಳದೆ ಏಕಾಂತದಲ್ಲಿ ಹೇಳಿರಿ. ಕೆಲಸವನ್ನು ವಿಮರ್ಶಿಸಿರಿ, ವ್ಯಕ್ತಿಯನ್ನಲ್ಲ. ಅವರು ಮೌನವಾದಾಗ ಅದನ್ನು ಗರ್ವವೆಂದು ಬಗೆಯದೆ ಹತ್ತಿರ ಹೋಗಿ ಕುಳಿತುಕೊಳ್ಳಿರಿ. ಬರುವ ಜಾತ್ರೆಯಲ್ಲಿ ತೊಳೆದ ಕೊಪ್ಪರಿಗೆಯನ್ನು ಮತ್ತೆ ತೊಳೆಯುವವರನ್ನು ಕಂಡರೆ ನಗಬೇಡಿರಿ; ಇನ್ನೊಂದು ಬದಿಯನ್ನು ಹಿಡಿಯಿರಿ.