ನೋವಿಲ್ಲದ ದೌರ್ಬಲ್ಯಕ್ಕೂ ಹಕ್ಕಿದೆ

ನಮ್ಮ ಮನೆಗಳಲ್ಲಿ ಆರೈಕೆಯು ಸಾಮಾನ್ಯವಾಗಿ ನರಳಾಟವನ್ನು ಹಿಂಬಾಲಿಸುತ್ತದೆ. ಮಗು ಅತ್ತರೆ ಎತ್ತಿಕೊಳ್ಳುತ್ತೇವೆ, ಜ್ವರ ಬಂದರೆ ವೈದ್ಯರ ಬಳಿಗೆ ಓಡುತ್ತೇವೆ. ನರಳದವರು ಆರೋಗ್ಯವಂತರೆಂಬುದೇ ನಮ್ಮ ಲೆಕ್ಕ. ಆದರೆ ಸದ್ದಿಲ್ಲದೆ ದೇಹವನ್ನು ಟೊಳ್ಳು ಮಾಡುವ ಕಾಯಿಲೆಯ ಮುಂದೆ ನಮ್ಮ ಹೊಣೆಗಾರಿಕೆ ಏನು? ದೂರು ಬಂದ ಮೇಲೆ ಆಲಿಸುವುದಷ್ಟೇ ನಮ್ಮ ಕರ್ತವ್ಯವೇ?

ಆಸ್ಟಿಯೋಪೊರೋಸಿಸ್ ಅಂತಹ ಒಂದು ಕಾಯಿಲೆ. ಇದು ಮಂಡಿ ನೋವು ತರುವ ಸಂಧಿ ಸವೆತವಲ್ಲ. ಇಲ್ಲಿ ಎಲುಬಿನ ಸಾಂದ್ರತೆಯೇ ಕುಗ್ಗುತ್ತದೆ. ಸುಮಾರು 30ರ ಪ್ರಾಯಕ್ಕೆ ಎಲುಬು ತನ್ನ ಪೂರ್ಣ ಬಲವನ್ನು ಪಡೆಯುತ್ತದೆ. ಬಳಿಕ ಮೆಲ್ಲಗೆ ಕ್ಷೀಣಿಸುತ್ತದೆ. ಮಹಿಳೆಯರಲ್ಲಿ ಮುಟ್ಟು ನಿಂತ ನಂತರದ ಕೆಲವು ವರ್ಷಗಳಲ್ಲಿ ಈ ಇಳಿಕೆ ಬಹಳ ಬೇಗ ಆಗುತ್ತದೆ. ಹೊರಗೆ ಏನೂ ಕಾಣದು. ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಬಳಿಯ ತೊಡೆಯೆಲುಬು ಮುರಿದ ದಿನವೇ ಅನೇಕರಿಗೆ ಅದು ತಿಳಿಯುವುದು. ಹಿರಿಯ ವಯಸ್ಸಿನಲ್ಲಿ ಹೀಗೆ ಮುರಿದವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಉಳಿದವರಲ್ಲಿ ಅನೇಕರು ಮೊದಲಿನಂತೆ ನಡೆಯಲಾರರು.

ಈ ಮೌನ ದೌರ್ಬಲ್ಯವನ್ನು ಮೊದಲೇ ಅರಿಯಲು ಡೆಕ್ಸಾ ಎಂಬ ಪರೀಕ್ಷೆಯಿದೆ. ಎರಡು ಬಗೆಯ ಶಕ್ತಿಯ ಕ್ಷಕಿರಣಗಳನ್ನು ಸೊಂಟ ಹಾಗೂ ಬೆನ್ನಿನ ಕೆಳಭಾಗದ ಮೂಲಕ ಹಾಯಿಸಿ ಎಲುಬಿನ ಖನಿಜಾಂಶವನ್ನು ಅಳೆಯುತ್ತಾರೆ. ಸೂಜಿಯಿಲ್ಲ, ನೋವಿಲ್ಲ, ವಿಕಿರಣವೂ ತೀರಾ ಅಲ್ಪ. ಆರೋಗ್ಯವಂತ ಯುವ ವಯಸ್ಕರ ಸರಾಸರಿಗೆ ಹೋಲಿಸಿ ಟಿ-ಸ್ಕೋರ್ ಎಂಬ ಅಂಕಿ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 1994ರಲ್ಲಿ ಪ್ರಕಟಿಸಿದ ಮಾನದಂಡದಂತೆ ಮೈನಸ್ 1 ಮತ್ತು ಅದಕ್ಕಿಂತ ಮೇಲಿದ್ದರೆ ಸಹಜ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್.

ಇಲ್ಲಿ ಕೆಲವರು ಹೇಳುವುದುಂಟು: "ಇಲ್ಲದ ರೋಗವನ್ನು ಹುಡುಕಿಕೊಂಡು ಯಾಕೆ ಹೋಗಬೇಕು? ಅಲ್ಲಾಹನು ವಿಧಿಸಿದ್ದು ಆಗಿಯೇ ತೀರುತ್ತದೆ." ಮಾತು ಭಕ್ತಿಯದಂತೆ ಕೇಳಿಸುತ್ತದೆ. ಆದರೆ ಇದನ್ನು ಯಾರು, ಯಾರ ಬಗ್ಗೆ ಹೇಳುತ್ತಾರೆಂದು ಗಮನಿಸಿ. ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಸರಿಪಡಿಸುವಾಗ ಮಗನಿಗೆ ವಿಧಿಯ ನೆನಪಾಗುವುದಿಲ್ಲ. ಬೈಕಿನ ಬ್ರೇಕ್ ತೋರಿಸುವಾಗಲೂ ಆಗುವುದಿಲ್ಲ. ತಾಯಿಯ ಎಲುಬಿನ ಮಾತು ಬಂದಾಗ ಮಾತ್ರ ಆಗುತ್ತದೆ. ತವಕ್ಕುಲ್ ಎಂದರೆ ತನ್ನ ಪಾಲಿನ ಪ್ರಯತ್ನ ಮಾಡಿ ಫಲವನ್ನು ಅಲ್ಲಾಹನಿಗೆ ಬಿಡುವುದು. ಪ್ರಯತ್ನವನ್ನೇ ಬಿಟ್ಟು, ಅದೂ ಇನ್ನೊಬ್ಬರ ದೇಹದ ವಿಷಯದಲ್ಲಿ, ಅದಕ್ಕೆ ತವಕ್ಕುಲ್ ಎಂಬ ಹೆಸರಿಡುವುದು ಸರಿಯೇ?

ಇನ್ನೊಂದು ಅಡ್ಡಿ ಸ್ವತಃ ತಾಯಿಯದು. "ನನಗೇನೂ ಆಗಿಲ್ಲ ಮಗಾ, ಸುಮ್ಮನೆ ದುಡ್ಡು ಹಾಳು" ಎನ್ನುತ್ತಾಳೆ. ತನ್ನ ಪಾಲನ್ನು ಕೊನೆಗಿಡುವ ಅಭ್ಯಾಸ ಅವಳಿಗೆ ಹಳೆಯದು. ಅವಳ ದೇಹದ ಕುರಿತು ತೀರ್ಮಾನ ಅವಳದೇ, ಬಲವಂತ ಸಲ್ಲದು. ಆದರೆ ವಿಷಯವನ್ನು ತಿಳಿಸದೆ, ಅವಳ "ಬೇಡ"ವನ್ನು ನಮ್ಮ ಅನುಕೂಲಕ್ಕೆ ಬಳಸಿಕೊಳ್ಳುವುದು ಬೇರೆ ಮಾತು. ಅವಳ ಪಕ್ಕ ಕುಳಿತು ವಿವರಿಸುವವರೆಗೂ ನಮ್ಮ ಹೊಣೆ ಇಳಿಯದು.

ಹಾಗೆಂದು ಭಯದಿಂದ ಎಲ್ಲರೂ ಯಂತ್ರದ ಮುಂದೆ ಸಾಲು ನಿಲ್ಲಬೇಕಾಗಿಲ್ಲ. ಅದು ದುಂದುವೆಚ್ಚ. 65 ದಾಟಿದ ಮಹಿಳೆಯರು. ಮುಟ್ಟು ನಿಂತವರಲ್ಲಿ ಸಣ್ಣ ಬೀಳುವಿಕೆಗೇ ಎಲುಬು ಮುರಿದವರು, ತೀರಾ ಕೃಶರು, ತಂದೆ ಅಥವಾ ತಾಯಿಗೆ ಸೊಂಟ ಮುರಿದಿದ್ದವರು. ಆಸ್ತಮಾ, ವಾತಕ್ಕೆಂದು ದೀರ್ಘಕಾಲ ಸ್ಟಿರಾಯ್ಡ್ ಮಾತ್ರೆ ನುಂಗುವ ಸ್ತ್ರೀಪುರುಷರು - ಇವರು ವೈದ್ಯರಲ್ಲಿ ಪರೀಕ್ಷೆಯ ಬಗ್ಗೆ ಕೇಳಬೇಕು. ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ಹೇಳುವ ಅಂಕಿ ರೋಗನಿರ್ಣಯವಲ್ಲ; ಅದನ್ನೇ ನಂಬಿ ಮಾತ್ರೆ ಕೊಳ್ಳಬಾರದು. ಡೆಕ್ಸಾ ಅಂಕಿಯೂ ಅಂತಿಮ ತೀರ್ಪಲ್ಲ. ಗಾತ್ರದಲ್ಲಿ ಸಣ್ಣದಾದ ಎಲುಬಿನ ಸಾಂದ್ರತೆ ಇರುವುದಕ್ಕಿಂತ ಕಡಿಮೆ ಎಂದು ಕಾಣಿಸಬಹುದು. ಆದ್ದರಿಂದ ವಯಸ್ಸು, ಹಿಂದಿನ ಮುರಿತ ಎಲ್ಲವನ್ನೂ ವೈದ್ಯರು ಕೂಡಿಸಿ ನೋಡುತ್ತಾರೆ.

ಪರೀಕ್ಷೆ ಮಾಡಿಸಿ ವರದಿಯನ್ನು ಕಪಾಟಿನಲ್ಲಿಟ್ಟರೆ ಕರ್ತವ್ಯ ಮುಗಿಯಿತೇ? ಬಚ್ಚಲಲ್ಲಿ ಬೆಳಕು, ಹಿಡಿದುಕೊಳ್ಳಲು ಒಂದು ಸರಳು, ಜಾರದ ನೆಲ, ಊಟದಲ್ಲಿ ರಾಗಿ, ಹಾಲು, ಮೀನು, ದಿನವೂ ಸ್ವಲ್ಪ ನಡಿಗೆ, ಅಗತ್ಯವಿದ್ದರೆ ಔಷಧಿ - ಇವು ಮನೆಯವರು ನಿರ್ವಹಿಸಬೇಕಾದ ಕೆಲಸಗಳು. ನಮ್ಮ ಮಹಿಳೆಯರಲ್ಲಿ ಅನೇಕರು ದಿನವಿಡೀ ಒಳಗಿರುತ್ತಾರೆ, ಹೊರಗೆ ಮೈಮುಚ್ಚಿ ಹೋಗುತ್ತಾರೆ. ಎಲುಬಿಗೆ ಬೇಕಾದ ಡಿ ವಿಟಮಿನ್ ಬಿಸಿಲಿನಿಂದ ಬರುತ್ತದೆ. ಅಂಗಳದಲ್ಲೋ ತಾರಸಿಯಲ್ಲೋ ಮರೆಯುಳ್ಳ ಒಂದು ಬಿಸಿಲಿನ ಜಾಗ ಮಾಡಿಕೊಡುವುದು ಗಂಡಸರಿಗೆ ಕಷ್ಟವೇ? ಬೆನ್ನೆಲುಬು ದುರ್ಬಲವಾಗಿ ಬಾಗಬಾರದೆಂದು ವೈದ್ಯರು ಹೇಳಿದರೆ ಕುಳಿತು ನಮಾಝ್ ಮಾಡುವ ರಿಯಾಯಿತಿ ಇದ್ದೇ ಇದೆ.

ಸೂರಃ ಮರ್ಯಮ್‌ನಲ್ಲಿ ವೃದ್ಧ ಪ್ರವಾದಿ ಝಕರಿಯ್ಯಾ(ಅ)ರು ತಮ್ಮ ಪ್ರಾರ್ಥನೆಯನ್ನು ಆರಂಭಿಸುವುದು ತಮ್ಮ ಎಲುಬುಗಳು ಬಲಗುಂದಿದ್ದನ್ನು ಪ್ರಭುವಿಗೆ ನಿವೇದಿಸುತ್ತಾ. ಅವರು ಬಾಯಿ ಬಿಟ್ಟು ಹೇಳಿದರು. ನಮ್ಮ ಮನೆಯ ಹಿರಿಯ ಹೆಂಗಸರು ಹೇಳುವುದಿಲ್ಲ. ಹೇಳಲು ಅವರಿಗೇ ಅದು ತಿಳಿದಿರುವುದಿಲ್ಲ. ದೇಹ ಅಲ್ಲಾಹನ ಅಮಾನತ್ತಾದರೆ, ಹೆತ್ತವರ ದೇಹದ ಕಾಳಜಿಯಲ್ಲಿ ಮಕ್ಕಳಿಗೂ ಪಾಲಿದೆ. ಅವರು ಬೀಳುವ ಮೊದಲೇ ವಿಚಾರಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ.